ಬಾಡಿಗೆದಾರರನ್ನು ಒಕ್ಕಲೆಬ್ಬಿಸುವ ಮುನ್ನ: ಬಡವರ ಮನೆ ಉಳಿಸುವ ಕಾನೂನುಗಳು ಹೇಗೆ ಕೆಲಸ ಮಾಡುತ್ತವೆ?

ಪ್ರತಿ ತಿಂಗಳೂ ಬಾಡಿಗೆ ಸರಿಯಾಗಿ ಕಟ್ಟುತ್ತಿದ್ದೀರಿ. ಮನೆ ಹಾಳು ಮಾಡಿಲ್ಲ, ಅಕ್ಕಪಕ್ಕದವರ ಜೊತೆ ಜಗಳ ಆಡಿಲ್ಲ. ಆದರೂ ಮಾಲೀಕರು ಎರಡು ತಿಂಗಳಲ್ಲಿ ಖಾಲಿ ಮಾಡಿ ಎಂದರೆ ಮಾಡಲೇಬೇಕಾ? ಇಂಗ್ಲೆಂಡಿನಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಉತ್ತರ 'ಹೌದು' ಎಂದೇ ಇತ್ತು. 1988ರ ವಸತಿ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ಕರಾರಿನ ನಿಗದಿತ ಅವಧಿ ಮುಗಿದ ಮೇಲೆ ಮಾಲೀಕರು ಯಾವ ಕಾರಣವನ್ನೂ ಕೊಡಬೇಕಿರಲಿಲ್ಲ. ನೋಟಿಸ್ ಕ್ರಮಬದ್ಧವಾಗಿದ್ದರೆ ಸಾಕು, ನ್ಯಾಯಾಧೀಶರು ಕೂಡ ತಡೆಯುವ ಹಾಗಿರಲಿಲ್ಲ. ವರ್ಷಗಟ್ಟಲೆ ಹೋರಾಟದ ನಂತರ 2025ರ ಅಕ್ಟೋಬರ್ 27ರಂದು ಬಾಡಿಗೆದಾರರ ಹಕ್ಕುಗಳ ಕಾಯ್ದೆಗೆ ರಾಜರ ಅಂಕಿತ ಬಿತ್ತು. 21ನೇ ಸೆಕ್ಷನ್ ರದ್ದಾಗುವುದಕ್ಕೆ 2026ರ ಮೇ 1 ಎಂದು ಸರ್ಕಾರ ದಿನ ಗೊತ್ತು ಮಾಡಿತು.

ಮನೆ ಬದಲಿಸುವುದು ಯಾರಿಗಾದರೂ ತಲೆನೋವೇ. ಆದರೆ ಸಂಬಳ ಬಂದ ವಾರದೊಳಗೆ ಖರ್ಚಾಗಿ ಹೋಗುವ ಕುಟುಂಬಕ್ಕೆ ಅದು ತಲೆನೋವಿನಷ್ಟಕ್ಕೆ ನಿಲ್ಲುವುದಿಲ್ಲ. ಹೊಸ ಮನೆಗೆ ಅಡ್ವಾನ್ಸ್ ಕೊಡಬೇಕು, ಹಳೆಯ ಅಡ್ವಾನ್ಸ್ ಇನ್ನೂ ವಾಪಸ್ ಬಂದಿರುವುದಿಲ್ಲ. ಸಾಮಾನು ಸಾಗಿಸಲು, ಮನೆ ಹುಡುಕಲು ರಜೆ ಹಾಕಿದರೆ ಆ ದಿನದ ಕೂಲಿ ಹೋಯಿತು. ಸಿಗುವ ಮನೆ ದೂರದಲ್ಲಿದ್ದರೆ ಕೆಲಸವೂ ಹೋಗಬಹುದು, ಮಕ್ಕಳ ಶಾಲೆಯೂ ತಪ್ಪಬಹುದು. ಬಡತನದಿಂದ ಮನೆ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಮನೆ ಹೋದದ್ದರಿಂದಲೇ ಇನ್ನಷ್ಟು ಬಡವರಾಗುವುದೂ ಅಷ್ಟೇ ನಿಜ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎವಿಕ್ಷನ್ ಲ್ಯಾಬ್ ಲೆಕ್ಕದ ಪ್ರಕಾರ, ಕೋವಿಡ್‌ಗೆ ಮುಂಚೆ ಅಲ್ಲಿ ಬಾಡಿಗೆದಾರರನ್ನು ಹೊರಹಾಕಲು ವರ್ಷಕ್ಕೆ ಸುಮಾರು 36 ಲಕ್ಷ ಕೇಸುಗಳು ಕೋರ್ಟಿಗೆ ಬರುತ್ತಿದ್ದವು.

ಹಾಗಾದರೆ ಕಾನೂನು ಏನು ಮಾಡಬಹುದು? ಇಂಥ ಕಾಯ್ದೆಗಳು ಬಾಡಿಗೆದಾರರಿಗೆ ಮನೆಯನ್ನು ಬರೆದುಕೊಡುವುದಿಲ್ಲ. ಮಾಲೀಕತ್ವ ಮಾಲೀಕರದ್ದೇ. ಒಂದು ಕುಟುಂಬ ಬೀದಿಗೆ ಬರುವ ಮುನ್ನ ಯಾರಾದರೊಬ್ಬರು ಕೆಲವು ಪ್ರಶ್ನೆ ಕೇಳಲೇಬೇಕು ಎಂದು ಮಾತ್ರ ಅವು ಹೇಳುತ್ತವೆ. ಯಾಕೆ ಖಾಲಿ ಮಾಡಬೇಕು? ಎಷ್ಟು ದಿನದಲ್ಲಿ? ಬಾಕಿ ತೀರಿಸಿದರೆ ಉಳಿಯಬಹುದಾ? ಹೋಗುವುದಾದರೆ ಎಲ್ಲಿಗೆ? ಬೇರೆ ಬೇರೆ ದೇಶಗಳ ಕಾಯ್ದೆಗಳನ್ನು ಓದಿದಾಗ ನನಗೆ ಕಂಡದ್ದು ಇದು: ಮೊದಲ ಪ್ರಶ್ನೆ ಕೇಳುವ ಕಾನೂನುಗಳು ಬೇಕಾದಷ್ಟಿವೆ, ಆದರೆ ಬಡವರ ಪಾಲಿಗೆ ನಿರ್ಣಾಯಕವಾಗುವುದು ಉಳಿದ ಮೂರು.

ಕಾರಣ ಹೇಳಬೇಕು

ಕಾರಣ ಕೇಳುವ ಕಾನೂನಿನಿಂದಲೇ ಶುರು ಮಾಡೋಣ. ಕಾಯ್ದೆಯಲ್ಲಿ ಒಂದು ಪಟ್ಟಿ ಇರುತ್ತದೆ: ಬಾಡಿಗೆ ಕಟ್ಟಿಲ್ಲ, ಮನೆಗೆ ಹಾನಿ ಮಾಡಿದ್ದಾರೆ, ಮಾಲೀಕರೇ ಬಂದು ವಾಸ ಮಾಡಬೇಕು, ಮನೆ ಮಾರಬೇಕು, ಹೀಗೆ. ಪಟ್ಟಿಯಲ್ಲಿ ಇಲ್ಲದ ಕಾರಣಕ್ಕೆ ಹೊರಹಾಕುವಂತಿಲ್ಲ. ಅಮೆರಿಕದ ನ್ಯೂಜೆರ್ಸಿ ರಾಜ್ಯ 1974ರಲ್ಲೇ ಇಂಥ ಕಾಯ್ದೆ ಮಾಡಿತು. ಸ್ಕಾಟ್ಲೆಂಡಿನಲ್ಲಿ 2017ರ ಡಿಸೆಂಬರ್‌ನಿಂದ ಶುರುವಾದ ಹೊಸ ಬಾಡಿಗೆ ಒಪ್ಪಂದಗಳಿಗೆ ಇದೇ ನಿಯಮ.

ಜರ್ಮನಿಯ ಸಿವಿಲ್ ಸಂಹಿತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮಾಲೀಕರಿಗೆ ನ್ಯಾಯವಾದ ಕಾರಣ ಇರಬೇಕು, ಮತ್ತು ಬಾಡಿಗೆ ಏರಿಸುವ ಸಲುವಾಗಿ ಖಾಲಿ ಮಾಡಿಸುವಂತಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಜಾಸ್ತಿ ವರ್ಷ ಇದ್ದವರಿಗೆ ಜಾಸ್ತಿ ಸಮಯವೂ ಸಿಗುತ್ತದೆ. ಸಾಮಾನ್ಯವಾಗಿ 3 ತಿಂಗಳ ನೋಟಿಸ್, 5 ವರ್ಷ ದಾಟಿದರೆ 6 ತಿಂಗಳು, 8 ವರ್ಷ ದಾಟಿದರೆ 9 ತಿಂಗಳು. ಮಾಲೀಕರ ಕಾರಣ ನ್ಯಾಯವಾಗಿಯೇ ಇದ್ದರೂ, ಬಿಟ್ಟು ಹೋಗುವುದು ತಮಗೆ ತೀರಾ ಕಷ್ಟ ಎಂದು ಬಾಡಿಗೆದಾರರು ಆಕ್ಷೇಪ ಎತ್ತಬಹುದು. ಕೈಗೆಟಕುವ ಬಾಡಿಗೆಗೆ ಬೇರೆ ತಕ್ಕ ಮನೆ ಸಿಗುತ್ತಿಲ್ಲ ಎನ್ನುವುದನ್ನೂ ಅಂಥ ಕಷ್ಟ ಎಂದೇ ಆ ಕಾನೂನು ಒಪ್ಪುತ್ತದೆ. ಬಡ ಬಾಡಿಗೆದಾರರ ನಿಜವಾದ ಸ್ಥಿತಿಯನ್ನು ಕಾನೂನಿನ ಭಾಷೆಗೆ ತಂದ ಸಾಲು ಅದು. ನನಗೆ ತುಂಬಾ ಮೆಚ್ಚುಗೆಯಾದ ಸಾಲು ಕೂಡ.

ಪಟ್ಟಿ ಇದ್ದ ಕಡೆ ಪಟ್ಟಿಯಲ್ಲೇ ಕಳ್ಳದಾರಿ ಹುಡುಕುವವರೂ ಇರುತ್ತಾರೆ. ಸಾಮಾನ್ಯವಾಗಿ ಬಳಕೆಯಾಗುವ ನೆಪ 'ನಮಗೇ ಬೇಕು' ಅನ್ನೋದು. ಖಾಲಿ ಮಾಡಿಸಿ, ಹೆಚ್ಚಿನ ಬಾಡಿಗೆಗೆ ಇನ್ನೊಬ್ಬರಿಗೆ ಕೊಟ್ಟುಬಿಟ್ಟರೆ ಕೇಳುವವರು ಯಾರು? ಇಂಗ್ಲೆಂಡಿನ ಹೊಸ ಕಾಯ್ದೆ ಇದನ್ನು ಯೋಚಿಸಿದೆ. ಮಾರುವುದಕ್ಕೋ ಸ್ವಂತ ವಾಸಕ್ಕೋ ಮನೆ ಬೇಕೆಂದರೆ 4 ತಿಂಗಳ ನೋಟಿಸ್ ಕೊಡಬೇಕು. ಬಾಡಿಗೆದಾರರು ಬಂದ ಮೊದಲ ವರ್ಷ ಈ ಕಾರಣಗಳಿಗಾಗಿ ಹೊರಹಾಕುವಂತಿಲ್ಲ. ಖಾಲಿ ಮಾಡಿಸಿದ ಮೇಲೆ 12 ತಿಂಗಳು ಆ ಮನೆಯನ್ನು ಮತ್ತೆ ಬಾಡಿಗೆಗೆ ಕೊಡುವಂತಿಲ್ಲ. ಕ್ಯಾಲಿಫೋರ್ನಿಯಾ ಕೂಡ 2019ರಲ್ಲಿ ಮಾಡಿದ ತನ್ನ ಕಾಯ್ದೆಯಲ್ಲಿ ಇಂಥ ಸಂದು ಉಳಿದದ್ದನ್ನು ಕಂಡು, 2024ರ ಏಪ್ರಿಲ್‌ನಿಂದ ಬಿಗಿ ಮಾಡಿತು.

ಬಾಡಿಗೆ ಏರಿಕೆಯೂ ಹೊರಹಾಕುವ ದಾರಿಯೇ

ಇಲ್ಲಿ ಒಂದು ಕೊಂಡಿ ಇದೆ. ಹೊರಹಾಕುವುದನ್ನು ನಿಷೇಧಿಸಿ ಬಾಡಿಗೆಯನ್ನು ಎಷ್ಟಾದರೂ ಏರಿಸಬಹುದು ಎಂದು ಬಿಟ್ಟರೆ ಏನಾಗುತ್ತದೆ? ಮಾಲೀಕರು ನೋಟಿಸ್ ಕೊಡುವ ಗೋಜಿಗೇ ಹೋಗುವುದಿಲ್ಲ. ಬಾಡಿಗೆ ದುಪ್ಪಟ್ಟು ಮಾಡುತ್ತಾರೆ, ಬಾಡಿಗೆದಾರರೇ ಎದ್ದು ಹೋಗುತ್ತಾರೆ. ಬರೀ ಬಾಡಿಗೆಗೆ ಮಿತಿ ಹಾಕಿ, ಹೊರಹಾಕಲು ಅಡ್ಡಿಯಿಲ್ಲ ಎಂದರೆ ಉಲ್ಟಾ: ಹಳೆಯ ಬಾಡಿಗೆಯವರನ್ನು ಕಳಿಸಿ ಹೊಸಬರನ್ನು ತರುವುದೇ ಲಾಭದ ಕೆಲಸವಾಗುತ್ತದೆ. ಅದಕ್ಕೇ ಗಟ್ಟಿ ಕಾಯ್ದೆಗಳಲ್ಲಿ ಎರಡೂ ಜೊತೆಗಿರುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಆ ಕಾಯ್ದೆಯ ವ್ಯಾಪ್ತಿಗೆ ಬರುವ ಮನೆಗಳಿಗೆ ವರ್ಷಕ್ಕೆ ಶೇ 5 ಮತ್ತು ಅದರ ಮೇಲೆ ಹಣದುಬ್ಬರದಷ್ಟು ಏರಿಸಬಹುದು, ಏನೇ ಆದರೂ ಶೇ 10 ದಾಟುವಂತಿಲ್ಲ.

ಈ ಎರಡನ್ನೂ ಒಟ್ಟಿಗೆ ತಂದ ಹಳೆಯ ಕಾನೂನಿನ ಹಿಂದೆ ಹೆಂಗಸರ ದೊಡ್ಡ ಹೋರಾಟವಿದೆ. ಮೊದಲ ಮಹಾಯುದ್ಧದ ಸಮಯ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹಡಗುಕಟ್ಟೆ ಮತ್ತು ಮದ್ದುಗುಂಡಿನ ಕಾರ್ಖಾನೆಗಳಿಗೆ ಕೆಲಸಗಾರರು ಗುಂಪುಗುಂಪಾಗಿ ಬಂದರು. ಮನೆಗಳಿಗೆ ಬೇಡಿಕೆ ಏರಿತು, ಮಾಲೀಕರು ಬಾಡಿಗೆ ಏರಿಸಿದರು. ಗಂಡಸರು ಯುದ್ಧಕ್ಕೆ ಹೋಗಿದ್ದ ಮನೆಗಳನ್ನೂ ಬಿಡಲಿಲ್ಲ. ಗೋವನ್ ಬಡಾವಣೆಯ ಮೇರಿ ಬಾರ್ಬರ್ ಎಂಬಾಕೆ ಹೆಂಗಸರನ್ನು ಸಂಘಟಿಸಿದರು. ಹಳೆಯ ಬಾಡಿಗೆ ಕೊಡುತ್ತೇವೆ, ಏರಿಸಿದ್ದನ್ನು ಕೊಡುವುದಿಲ್ಲ, ಮನೆಯನ್ನೂ ಬಿಡುವುದಿಲ್ಲ ಎಂದು ಕೂತರು. ಅಮೀನರು ಬಂದರೆ ಗಂಟೆ ಬಾರಿಸಿ ಎಲ್ಲರನ್ನೂ ಕರೆಯುತ್ತಿದ್ದರು. ಕೈಗೆ ಸಿಕ್ಕಿದ್ದನ್ನು ಎಸೆದು ಅವರನ್ನು ಓಡಿಸುತ್ತಿದ್ದರು. 1915ರ ನವೆಂಬರ್ ಹೊತ್ತಿಗೆ ಸುಮಾರು 20,000 ಮನೆಗಳು ಈ ಮುಷ್ಕರದಲ್ಲಿದ್ದವು. ನವೆಂಬರ್ 17ರಂದು ಬಾಡಿಗೆದಾರರ ಮೇಲಿನ ಕೇಸು ಕೋರ್ಟಿಗೆ ಬಂದಾಗ ಹಡಗುಕಟ್ಟೆಯ ಕಾರ್ಮಿಕರೂ ಕೆಲಸ ಬಿಟ್ಟು ಕೋರ್ಟಿನ ಮುಂದೆ ಬಂದು ನಿಂತರು. ಕೇಸು ಕೈಬಿಡಬೇಕಾಯಿತು. ಆ ವರ್ಷ ಮುಗಿಯುವುದರೊಳಗೆ ಬ್ರಿಟಿಷ್ ಸಂಸತ್ತು ಕಾಯ್ದೆ ಮಾಡಿ, ಸಣ್ಣ ಮನೆಗಳ ಬಾಡಿಗೆಯನ್ನು 1914ರ ಆಗಸ್ಟ್ ಮಟ್ಟಕ್ಕೆ ಕಟ್ಟಿಹಾಕಿತು. ಆ ಬಾಡಿಗೆ ಕಟ್ಟುವವರನ್ನು ಸುಮ್ನೆ ಹೊರಹಾಕದಂತೆ ತಡೆಯಿತು. ಯುದ್ಧ ಮುಗಿಯುವವರೆಗೆ ಎಂದು ಬಂದ ನಿಯಂತ್ರಣ ಒಂದಲ್ಲ ಒಂದು ರೂಪದಲ್ಲಿ ದಶಕಗಳ ಕಾಲ ಉಳಿಯಿತು.

ಬಾಕಿ ಬಿದ್ದಾಗ

ಕಾರಣ ಕೇಳುವ ಕಾನೂನು ಬಾಡಿಗೆ ಸರಿಯಾಗಿ ಕಟ್ಟುವವರಿಗೆ ದೊಡ್ಡ ಆಸರೆ. ಆದರೆ ಬಡವರು ಮನೆ ಕಳೆದುಕೊಳ್ಳುವುದು ಹೆಚ್ಚಾಗಿ ಬಾಡಿಗೆ ಕಟ್ಟಲಾಗದೆ. ಅದು ಪ್ರತಿ ಕಾಯ್ದೆಯ ಪಟ್ಟಿಯಲ್ಲೂ ಇರುವ ಕಾರಣ. ಕೆಲಸ ಹೋಯಿತು, ಆಸ್ಪತ್ರೆ ಖರ್ಚು ಬಂತು, ಒಂದು ತಿಂಗಳು ತಪ್ಪಿತು. ಮುಂದಿನ ತಿಂಗಳು ಎರಡು ತಿಂಗಳದ್ದು ಎಲ್ಲಿಂದ ತರುವುದು? ನಿಜವಾದ ಪರೀಕ್ಷೆ ಇಲ್ಲಿದೆ.

ಮೊದಲು ಬೇಕಾದದ್ದು ಸಮಯ. ಕ್ಯಾಲಿಫೋರ್ನಿಯಾದಲ್ಲಿ ಬಾಕಿ ಕಟ್ಟಿ ಇಲ್ಲವೇ ಖಾಲಿ ಮಾಡಿ ಎಂಬ ನೋಟಿಸಿಗೆ ವಾಯಿದೆ ಮೂರೇ ದಿನ, ರಜಾದಿನ ಬಿಟ್ಟು. ನ್ಯೂಯಾರ್ಕ್ ರಾಜ್ಯದಲ್ಲೂ ಮೂರೇ ದಿನ ಇತ್ತು. 2019ರಲ್ಲಿ ಅದನ್ನು 14 ದಿನ ಮಾಡಿದರು. ಕೋರ್ಟ್ ಆದೇಶ ಬಂದ ಮೇಲೂ, ಜಾರಿಯಾಗುವುದಕ್ಕೆ ಮುಂಚೆ ಪೂರ್ತಿ ಬಾಕಿ ಕಟ್ಟಿದರೆ ಸಾಮಾನ್ಯವಾಗಿ ಮನೆ ಉಳಿಯುವಂತೆಯೂ ಮಾಡಿದರು. ಮೂರು ದಿನಕ್ಕೂ ಹದಿನಾಲ್ಕು ದಿನಕ್ಕೂ ಇರುವ ವ್ಯತ್ಯಾಸ ಕಾಗದದ ಮೇಲೆ ಚಿಕ್ಕದು. ಹದಿನೈದು ದಿನಕ್ಕೊಮ್ಮೆ ಸಂಬಳ ಬರುವವರಿಗೆ ಮಾತ್ರ ಇನ್ನೊಂದು ಸಂಬಳ ಕೈಗೆ ಬರುವಷ್ಟು ದೊಡ್ಡದು.

ಜರ್ಮನಿಯಲ್ಲಿ, ಬಾಕಿಗಾಗಿ ತಕ್ಷಣ ಒಪ್ಪಂದ ರದ್ದು ಮಾಡಿ ಕೋರ್ಟಿಗೆ ಹೋದರೂ, ಕೇಸಿನ ಕಾಗದ ಕೈಗೆ ತಲುಪಿದ ಎರಡು ತಿಂಗಳೊಳಗೆ ಪೂರ್ತಿ ಬಾಕಿ ತೀರಿದರೆ ಆ ರದ್ದತಿ ಬಿದ್ದುಹೋಗುತ್ತದೆ. ದುಡ್ಡು ಬಾಡಿಗೆದಾರರೇ ಕಟ್ಟಬೇಕೆಂದಿಲ್ಲ, ತಾನು ಕಟ್ಟುತ್ತೇನೆ ಎಂದು ಸರ್ಕಾರಿ ಸಂಸ್ಥೆಯೊಂದು ಹೊಣೆ ಹೊತ್ತರೂ ಸಾಕು. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಮಾಲೀಕರು ತಕ್ಷಣದ ರದ್ದತಿಯ ಜೊತೆಗೇ ಮಾಮೂಲಿ ನೋಟಿಸನ್ನೂ ಕೊಡಬಹುದು. ಬಾಕಿ ತೀರಿಸಿದರೆ ಮೊದಲನೆಯದು ಬಿದ್ದುಹೋಗುತ್ತದೆ, ಎರಡನೆಯದು ಹಾಗೆ ತಾನಾಗಿ ಬೀಳುವುದಿಲ್ಲ ಎಂದು ಅಲ್ಲಿನ ಸುಪ್ರೀಂ ಸಿವಿಲ್ ನ್ಯಾಯಾಲಯ ಹೇಳಿದೆ. ದುಡ್ಡು ಪೂರ್ತಿ ಕಟ್ಟಿಯೂ ಮನೆ ಕಳೆದುಕೊಳ್ಳುವ ಪರಿಸ್ಥಿತಿ ಇದರಿಂದ ಬರುತ್ತದೆ. ಇದನ್ನು ಸರಿಪಡಿಸದೆ ಆ ಒಳ್ಳೆಯ ನಿಯಮಕ್ಕೆ ಪೂರ್ತಿ ಬೆಲೆ ಇಲ್ಲ.

ಫ್ರಾನ್ಸಿನಲ್ಲಿ ಚಳಿಗಾಲಕ್ಕೆ ಬೇರೆಯೇ ನಿಯಮವಿದೆ. ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಬಾಡಿಗೆದಾರರನ್ನು ಹೊರಹಾಕುವಂತಿಲ್ಲ, ಕೋರ್ಟ್ ಆದೇಶ ಕೈಯಲ್ಲಿದ್ದರೂ. 1954ರ ಭೀಕರ ಚಳಿಯಲ್ಲಿ ಬೀದಿಯಲ್ಲಿ ಜನ ಸತ್ತಾಗ, ಅಬ್ಬೆ ಪಿಯೆರ್ ಎಂಬ ಪಾದ್ರಿ ರೇಡಿಯೊದಲ್ಲಿ ಮಾಡಿದ ಮನವಿ ಇಡೀ ದೇಶವನ್ನು ಅಲುಗಾಡಿಸಿತು. 1956ರಲ್ಲಿ ಈ ಕಾನೂನು ಬಂತು. ಬಾಕಿ ಮಾತ್ರ ಏಪ್ರಿಲ್‌ನಲ್ಲೂ ಹಾಗೇ ಇರುತ್ತದೆ.

ಅದೇ ದೊಡ್ಡ ಪಾಠ. ತಡೆ ಹಾಕಿದರೆ ಸಾಲ ಕರಗುವುದಿಲ್ಲ. ಕೋವಿಡ್ ಸಮಯದಲ್ಲಿ ಅಮೆರಿಕ ಇದನ್ನು ದೊಡ್ಡ ಮಟ್ಟದಲ್ಲಿ ಕಂಡಿತು. 2020ರ ಸೆಪ್ಟೆಂಬರ್ 4ರಿಂದ ಅಲ್ಲಿನ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, ಬಾಡಿಗೆ ಬಾಕಿಗಾಗಿ ಹೊರಹಾಕುವುದನ್ನು ದೇಶದ ತುಂಬ ತಡೆಯಿತು. ಆದರೆ ರಕ್ಷಣೆ ತಾನಾಗಿ ಸಿಗುತ್ತಿರಲಿಲ್ಲ. ಬಾಡಿಗೆದಾರರು ಒಂದು ಘೋಷಣಾ ಪತ್ರಕ್ಕೆ ಸಹಿ ಮಾಡಿ ಮಾಲೀಕರಿಗೆ ಕೊಡಬೇಕಿತ್ತು. ವಿಷಯ ಗೊತ್ತಿಲ್ಲದವರಿಗೆ ರಕ್ಷಣೆ ಇಲ್ಲ. ಬಾಡಿಗೆ ನೆರವಿಗೆಂದು ಸಂಸತ್ತು ಎರಡು ಕಂತಿನಲ್ಲಿ ಸುಮಾರು 4,650 ಕೋಟಿ ಡಾಲರ್ ಕೊಟ್ಟಿತು. ಆದರೆ ಮೊದಲ ಕಂತಿನ 2,500 ಕೋಟಿಯಲ್ಲಿ 2021ರ ಜೂನ್ ಕೊನೆಯ ಹೊತ್ತಿಗೆ ಜನರಿಗೆ ತಲುಪಿದ್ದು ಸುಮಾರು 300 ಕೋಟಿ ಮಾತ್ರ. ಹಲವು ಕಡೆ ಹಣ ಹಂಚುವ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಬೇಕಿತ್ತು. ಆಗಸ್ಟ್ 26ರಂದು ಸುಪ್ರೀಂ ಕೋರ್ಟ್, ಇಷ್ಟು ದೊಡ್ಡ ತಡೆ ಹಾಕುವ ಅಧಿಕಾರ ಸಿಡಿಸಿಗೆ ಇಲ್ಲ, ಬೇಕಿದ್ದರೆ ಸಂಸತ್ತೇ ಕಾನೂನು ಮಾಡಬೇಕು ಎಂದು ಅದನ್ನು ತೆಗೆದುಹಾಕಿತು. ಕಷ್ಟ ಬಂದ ಮೇಲೆ ಕಟ್ಟುವ ವ್ಯವಸ್ಥೆ ಕಷ್ಟಕ್ಕೆ ಒದಗುವುದು ಅನುಮಾನ. ಬಾಡಿಗೆ ನೆರವಿನ ನಿಧಿ, ಅರ್ಜಿ ತೆಗೆದುಕೊಳ್ಳುವ ಕಚೇರಿ, ಅದನ್ನು ಕೋರ್ಟಿಗೆ ಜೋಡಿಸುವ ನಿಯಮ ಎಲ್ಲವೂ ಮಾಮೂಲಿ ದಿನಗಳಲ್ಲೇ ಇರಬೇಕು.

ಫಿಲಡೆಲ್ಫಿಯಾ ನಗರ ಆ ದಾರಿ ಹಿಡಿದಿದೆ. 2020ರಲ್ಲಿ ಅಲ್ಲಿ ಶುರುವಾದ ಕ್ರಮದಲ್ಲಿ, ಬಾಕಿಗಾಗಿ ಕೋರ್ಟಿಗೆ ಹೋಗುವ ಮುನ್ನ ಮಾಲೀಕರು ಬಾಡಿಗೆದಾರರ ಜೊತೆ ಸಂಧಾನಕ್ಕೆ ಪ್ರಯತ್ನಿಸಬೇಕು. ಮಾಲೀಕರಿಗೂ ಇದು ನಷ್ಟವಲ್ಲ. ಕೇಸು ಗೆದ್ದರೂ ಬಡವರ ಕೈಯಿಂದ ಬಾಕಿ ವಸೂಲಿಯಾಗುವುದು ಕಷ್ಟ, ಮನೆ ಖಾಲಿ ಬಿದ್ದ ತಿಂಗಳಿನ ಬಾಡಿಗೆಯೂ ಹೋಗುತ್ತದೆ.

ಕೋರ್ಟಿನಲ್ಲಿ ಒಂಟಿಯಾಗಿ

ಕಾನೂನು ಎಷ್ಟೇ ಚೆನ್ನಾಗಿದ್ದರೂ ಅದನ್ನು ಕೋರ್ಟಿನಲ್ಲಿ ಎತ್ತಿ ಹೇಳಲು ಒಬ್ಬರು ಬೇಕು. ನೋಟಿಸಿನಲ್ಲಿ ತಪ್ಪಿದೆ, ಲೆಕ್ಕದಲ್ಲಿ ಹೆಚ್ಚು ಹಾಕಿದ್ದಾರೆ, ರಿಪೇರಿ ಮಾಡದೆ ಬಿಟ್ಟಿದ್ದಾರೆ ಎಂಬ ವಾದಗಳು ವಕೀಲರಿಗೆ ಹೊಳೆಯುತ್ತವೆ. ಕೂಲಿ ಬಿಟ್ಟು ಬಂದು ಕೋರ್ಟಿನ ಬಾಗಿಲಲ್ಲಿ ಹೆದರಿ ನಿಂತವರಿಗೆ ಹೊಳೆಯುವುದು ಕಷ್ಟ. ಎಷ್ಟೋ ಜನ ಹಾಜರಾಗುವುದೇ ಇಲ್ಲ. ಆಗ ತೀರ್ಪು ತಾನಾಗಿ ಮಾಲೀಕರ ಕಡೆ ಹೋಗುತ್ತದೆ. 2013ರಲ್ಲಿ ನ್ಯೂಯಾರ್ಕ್ ನಗರದ ವಸತಿ ಕೋರ್ಟಿನಲ್ಲಿ ವಕೀಲರಿದ್ದ ಬಾಡಿಗೆದಾರರು ನೂರಕ್ಕೆ ಒಬ್ಬರಷ್ಟು. ಮಾಲೀಕರಲ್ಲಿ ಬಹುತೇಕ ಎಲ್ಲರಿಗೂ ವಕೀಲರಿದ್ದರು.

2017ರಲ್ಲಿ ಆ ನಗರ, ಆದಾಯ ಕಡಿಮೆ ಇರುವ ಬಾಡಿಗೆದಾರರಿಗೆ ಇಂಥ ಕೇಸುಗಳಲ್ಲಿ ಉಚಿತ ವಕೀಲರ ಹಕ್ಕು ಕೊಟ್ಟಿತು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ನಗರ ಅದು. 2021ರಲ್ಲಿ ವಾಷಿಂಗ್ಟನ್ ರಾಜ್ಯ ಇದನ್ನು ರಾಜ್ಯಮಟ್ಟಕ್ಕೆ ತಂದಿತು. ನನ್ನ ಮಟ್ಟಿಗೆ ಬಡ ಬಾಡಿಗೆದಾರರ ರಕ್ಷಣೆಯಲ್ಲಿ ಇದಕ್ಕಿಂತ ಮುಖ್ಯವಾದ ಸುಧಾರಣೆ ಇನ್ನೊಂದಿಲ್ಲ. ಉಳಿದೆಲ್ಲ ಹಕ್ಕುಗಳೂ ಇದರ ಮೂಲಕವೇ ಕೈಗೆ ಬರುವುದು.

ಕೋರ್ಟಿಗೇ ಹೋಗದೆ ಬೀಗ ಬದಲಿಸುವುದು, ನೀರು ಕರೆಂಟ್ ಕಡಿಯುವುದು, ಬೆದರಿಸುವುದು ಇನ್ನೊಂದು ಬಗೆ. ಇಂಗ್ಲೆಂಡಿನಲ್ಲಿ 1977ರ ಕಾಯ್ದೆಯಡಿ ಇದು ಅಪರಾಧ. ಈ ವಿಷಯದಲ್ಲಿ ಕಾನೂನಿನ ಕೊರತೆಗಿಂತ, ಪೊಲೀಸರು ಇದನ್ನು ಖಾಸಗಿ ಜಗಳ ಎಂದು ಕೈಬಿಡುವುದೇ ದೊಡ್ಡ ತೊಂದರೆ.

ಬಡವರು ಯಾರು ಎಂದು ಬರೆಯುವುದು ಹೇಗೆ?

ರಕ್ಷಣೆ ಎಲ್ಲ ಬಾಡಿಗೆದಾರರಿಗೂ ಇರಬೇಕಾ, ಬಡವರಿಗೆ ಮಾತ್ರವಾ? ಕೆನಡಾದ ಕ್ವಿಬೆಕ್ ಪ್ರಾಂತ್ಯ 2016ರಲ್ಲಿ, ಕಡಿಮೆ ಆದಾಯದ, 70 ದಾಟಿದ, ಅದೇ ಮನೆಯಲ್ಲಿ 10 ವರ್ಷ ಕಳೆದವರಿಗೆ ವಿಶೇಷ ರಕ್ಷಣೆ ಕೊಟ್ಟಿತು. 2024ರಲ್ಲಿ ವಯಸ್ಸನ್ನು 65ಕ್ಕೆ ಇಳಿಸಿ ಆದಾಯದ ಮಿತಿಯನ್ನು ಏರಿಸಿತು. ಉದ್ದೇಶ ಒಳ್ಳೆಯದೇ. ಆದರೆ ರಕ್ಷಣೆ ಬಡವರಿಗೆ ಮಾತ್ರ ಎಂದಾದರೆ, ಮಾಲೀಕರು ಬಡವರಿಗೆ ಮನೆ ಕೊಡಲು ಹಿಂಜರಿಯುವ ಅಪಾಯವಿದೆ. ಹಾಗಾಗಿ ಕಾರಣ, ನೋಟಿಸ್, ಬಾಡಿಗೆ ಏರಿಕೆಯ ನಿಯಮಗಳು ಎಲ್ಲ ಬಾಡಿಗೆದಾರರಿಗೂ ಇರಬೇಕು. ಹಣದ ನೆರವು, ಉಚಿತ ವಕೀಲರು ಬಡವರಿಗೆ ಮೀಸಲಾಗಿರಬೇಕು. ಇಂಗ್ಲೆಂಡಿನ ಹೊಸ ಕಾಯ್ದೆ, ಸರ್ಕಾರಿ ನೆರವು ಪಡೆಯುವವರು ಅಥವಾ ಮಕ್ಕಳಿರುವವರು ಎಂಬ ಕಾರಣಕ್ಕೆ ಮನೆ ನಿರಾಕರಿಸುವುದನ್ನೂ ನಿಷೇಧಿಸಿದೆ.

ಮಿತಿಯನ್ನು ಬರೆಯುವ ರೀತಿಯಲ್ಲೇ ಕಾನೂನು ಸಾಯಬಹುದು. 1958ರ ದೆಹಲಿ ಬಾಡಿಗೆ ನಿಯಂತ್ರಣ ಕಾಯ್ದೆಗೆ 1988ರಲ್ಲಿ ತಿದ್ದುಪಡಿ ಬಂತು. ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದರೆ ಕಾಯ್ದೆ ಅನ್ವಯಿಸುವುದಿಲ್ಲ ಎಂದಾಯಿತು. ಆಗ ಅದು ದೊಡ್ಡ ಬಾಡಿಗೆ. ವರ್ಷ ಕಳೆದಂತೆ ಬಾಡಿಗೆಗಳು ಏರಿದವು, ಅಂಕಿ ಅಲ್ಲೇ ನಿಂತಿತು. ಸಾಧಾರಣ ಮನೆಗಳೂ ಒಂದೊಂದಾಗಿ ರಕ್ಷಣೆಯಿಂದ ಹೊರಬಿದ್ದವು. ಯಾರೂ ಕಾಯ್ದೆಯನ್ನು ರದ್ದು ಮಾಡಬೇಕಾಗಲಿಲ್ಲ. ನ್ಯೂಯಾರ್ಕ್ ನಗರದ ಉಚಿತ ವಕೀಲರ ಹಕ್ಕಿಗೆ ಅಂಥ ನಿಂತ ಅಂಕಿ ಇಲ್ಲ. ಆದಾಯದ ಮಿತಿ ಒಕ್ಕೂಟ ಸರ್ಕಾರದ ಬಡತನದ ರೇಖೆಯ ಎರಡು ಪಟ್ಟು ಎಂದಿದೆ. ಆ ರೇಖೆ ಪ್ರತಿ ವರ್ಷ ಪರಿಷ್ಕಾರವಾಗುತ್ತದೆ, ಮಿತಿಯೂ ಅದರ ಜೊತೆ ಏರುತ್ತದೆ.

ಮಾಲೀಕರ ಮಾತೂ ಕೇಳಬೇಕು

ಬಾಡಿಗೆಯನ್ನೇ ನಂಬಿಕೊಂಡ ಸಣ್ಣ ಮಾಲೀಕರೂ ಇದ್ದಾರೆ. ಅವರ ಆತಂಕ ಸುಳ್ಳಲ್ಲ. ಬಾಂಬೆಯ 1947ರ ಬಾಡಿಗೆ ಕಾಯ್ದೆ ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ ಮಟ್ಟದಲ್ಲೇ ನಿಲ್ಲಿಸಿತು. ದಶಕಗಳು ಕಳೆದರೂ ಹೆಚ್ಚುಕಡಿಮೆ ಅದೇ ಬಾಡಿಗೆ. ರಿಪೇರಿಗೆ ಮಾಲೀಕರಿಗೆ ಗಿಟ್ಟುತ್ತಿರಲಿಲ್ಲ, ಕಟ್ಟಡಗಳು ಶಿಥಿಲವಾದವು. 1997ರಲ್ಲಿ ಸುಪ್ರೀಂ ಕೋರ್ಟ್, ಬಾಡಿಗೆಯನ್ನು ಹೀಗೆ ಕಟ್ಟಿಹಾಕಿದ್ದು ಕಾಲಕ್ರಮೇಣ ನ್ಯಾಯವಲ್ಲದಂತಾಗಿದೆ ಎಂದಿತು. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ 1994ರ ಬಾಡಿಗೆ ನಿಯಂತ್ರಣದ ಪರಿಣಾಮವನ್ನು ಸ್ಟ್ಯಾನ್‌ಫರ್ಡ್ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದರು. ರಕ್ಷಣೆ ಸಿಕ್ಕವರು ತಮ್ಮ ಮನೆಯಲ್ಲಿ ಹೆಚ್ಚು ಕಾಲ ಉಳಿದರು. ಇನ್ನೊಂದು ಕಡೆ, ನಿಯಂತ್ರಣಕ್ಕೆ ಬಂದ ಮಾಲೀಕರು ಬಾಡಿಗೆಗೆ ಕೊಡುವ ಮನೆಗಳನ್ನು ಶೇ 15ರಷ್ಟು ಕಡಿಮೆ ಮಾಡಿದರು. ಮಾರಿದರು, ಕೆಡವಿ ಕಟ್ಟಿದರು. ಇದರರ್ಥ ರಕ್ಷಣೆ ಬೇಡ ಎಂದಲ್ಲ. ಬಾಡಿಗೆಗೆ ಹಣದುಬ್ಬರದ ಜೊತೆ ಏರಲು ದಾರಿ ಇರಬೇಕು, ರಕ್ಷಣೆಯ ಜೊತೆಗೇ ಹೊಸ ಮನೆಗಳೂ ಕಟ್ಟಿಸಬೇಕು.

ಭಾರವನ್ನು ಯಾರು ಹೊರಬೇಕು ಎನ್ನುವುದಕ್ಕೆ ಸ್ಪಷ್ಟ ಉತ್ತರ ಕೊಟ್ಟ ದೇಶ ದಕ್ಷಿಣ ಆಫ್ರಿಕಾ. ಅಲ್ಲಿನ ಸಂವಿಧಾನದ 26ನೇ ವಿಧಿಯ ಪ್ರಕಾರ, ಸಂಬಂಧಪಟ್ಟ ಎಲ್ಲ ಸಂಗತಿಗಳನ್ನೂ ನೋಡಿ ಕೋರ್ಟ್ ಆದೇಶ ಕೊಡದೆ ಯಾರನ್ನೂ ಮನೆಯಿಂದ ಹೊರಹಾಕುವಂತಿಲ್ಲ. ಜೊಹಾನ್ಸ್‌ಬರ್ಗ್‌ನ ಒಂದು ಹಳೆಯ ಕಟ್ಟಡದಲ್ಲಿ ಬಡವರು ವಾಸವಾಗಿದ್ದರು. ಅದನ್ನು ಕೊಂಡಿದ್ದ ಬ್ಲೂ ಮೂನ್‌ಲೈಟ್ ಕಂಪನಿಗೆ ಜಾಗ ಬೇಕಿತ್ತು. 2011ರಲ್ಲಿ ಸಂವಿಧಾನ ನ್ಯಾಯಾಲಯ ಎರಡೂ ಕಡೆಯ ಮಾತನ್ನು ತೂಗಿತು. ಖಾಸಗಿ ಮಾಲೀಕರು ಬಡವರಿಗೆ ಕೊನೆಯಿಲ್ಲದೆ ಉಚಿತ ಮನೆ ಕೊಡಬೇಕಿಲ್ಲ, ಸ್ವಲ್ಪ ಕಾಲ ತಾಳ್ಮೆ ತೋರಿಸಬೇಕು. ಬೀದಿಗೆ ಬೀಳುವವರಿಗೆ ತಾತ್ಕಾಲಿಕ ವಸತಿ ಕೊಡುವುದು ನಗರಾಡಳಿತದ ಹೊಣೆ, ಹೊರಹಾಕುತ್ತಿರುವವರು ಖಾಸಗಿಯವರಾದರೂ ಸರಿ. ಆ ವಸತಿ ಸಿದ್ಧವಾಗುವಂತೆ ದಿನ ಗೊತ್ತು ಮಾಡಿ, ಅದಾದ ಮೇಲಿನ ದಿನಾಂಕವೊಂದಕ್ಕೆ ಖಾಲಿ ಮಾಡುವ ಆದೇಶ ಕೊಟ್ಟಿತು.

ಕೇಸು ಮುಗಿದ ಮೇಲೂ

ಕಾಯ್ದೆ ಬರೆಯುವವರು ಹೆಚ್ಚಾಗಿ ಮರೆಯುವ ಇನ್ನೊಂದು ವಿಷಯವಿದೆ. ಮಾಲೀಕರು ಕೇಸು ಹಾಕಿದರು, ಬಾಡಿಗೆದಾರರು ಗೆದ್ದರು ಅಥವಾ ರಾಜಿಯಾಯಿತು. ಆದರೂ ಕೇಸಿನ ದಾಖಲೆ ಕೋರ್ಟಿನಲ್ಲಿ ಉಳಿಯುತ್ತದೆ. ಅಮೆರಿಕದಲ್ಲಿ ಕಂಪನಿಗಳು ಈ ದಾಖಲೆಗಳನ್ನು ಕೂಡಿಹಾಕಿ ಮಾಲೀಕರಿಗೆ ಮಾರುತ್ತವೆ. ಮುಂದಿನ ಮನೆಗೆ ಅರ್ಜಿ ಹಾಕಿದಾಗ ಹೆಸರು ಅಲ್ಲಿ ಕಂಡರೆ ಸಾಕು, ಮನೆ ಸಿಗುವುದು ಕಷ್ಟ. ಗೆದ್ದಿದ್ದೀರಾ ಸೋತಿದ್ದೀರಾ ಎಂದು ಯಾರೂ ವಿಚಾರಿಸುವುದಿಲ್ಲ. ಹೀಗಾಗಿ ಎಷ್ಟೋ ಜನ ನ್ಯಾಯ ತಮ್ಮ ಕಡೆ ಇದ್ದರೂ ಕೇಸಿನ ಹೆದರಿಕೆಗೇ ಮನೆ ಬಿಟ್ಟು ಹೋಗುತ್ತಾರೆ. ಕ್ಯಾಲಿಫೋರ್ನಿಯಾ 2016ರಲ್ಲಿ ಕಾನೂನು ಮಾಡಿ, 60 ದಿನದೊಳಗೆ ಮಾಲೀಕರು ಗೆಲ್ಲದಿದ್ದರೆ ಇಂಥ ಕೇಸಿನ ದಾಖಲೆ ಸಾರ್ವಜನಿಕರಿಗೆ ಸಿಗದಂತೆ ಮಾಡಿತು. ನ್ಯೂಯಾರ್ಕ್ ರಾಜ್ಯ 2019ರಲ್ಲಿ, ಹಳೆಯ ಕೇಸಿನ ಕಾರಣಕ್ಕೆ ಮನೆ ನಿರಾಕರಿಸುವುದನ್ನೇ ನಿಷೇಧಿಸಿತು.